ಮಹಡಿ ಮೇಲಿನ ವಿ.ಆರ್. ದೇವಸ್ಥಾನ

ನಗೆಪಾಟಲಾಗೋದಕ್ಕೆ ಮುಹೂರ್ತ ನೋಡ್ಬೇಕಾಗಿಲ್ಲ. ವಿ.ಆರ್. ಕೆಲಸಕ್ಕೆ ಕೈ ಹಾಕಿದ್ರೆ ಸಾಕು, ದಿನಾ ಒಂದಲ್ಲ ಒಂದು ಆಗ್ತಾನೇ ಇರುತ್ತೆ. ವಿ.ಆರ್. ಅಂದ್ರೆ, ಕಣ್ಣಿಗೆ ಡಬ್ಬದಂಥ ಕನ್ನಡಕ ಕಟ್ಕೊಂಡು, ಎರಡು ಕೈಯಲ್ಲೂ ಒಂದೊಂದು ರಿಮೋಟು ಹಿಡ್ಕೊಂಡು, ಇಲ್ಲದೇ ಇರೋ ಜಾಗದಲ್ಲಿ ಓಡಾಡೋದು. ಹೊರಗಿಂದ ನೋಡೋರಿಗೆ ದೆವ್ವ ಮೆಟ್ಟಿಕೊಂಡ ಹಾಗೆ ಕಾಣುತ್ತೆ.

ನಾನು, ನನ್ನ ಗೆಳತಿ ಇಬ್ಬರೂ ನಲವತ್ತು ದಾಟಿದವರು. ಇದ್ದ ಕೆಲಸ ಬಿಟ್ಟು ಇದಕ್ಕಿಳಿದ್ವಿ. ಅವಳು ಪುಲಿಕೇಶಿನಗರದವಳು, ಕಂಪ್ಯೂಟರಿನಲ್ಲೇ ಕಲ್ಲು ಕೆತ್ತೋಳು. ನಾನು ಆ ಕಲ್ಲು ಜನರ ತಲೆ ಮೇಲೆ ಬೀಳದ ಹಾಗೆ ಪ್ರೋಗ್ರಾಮ್ ಬರೆಯೋಳು. ಮಂಡಿನೋವಿನಿಂದ ಮೆಟ್ಟಿಲು ಹತ್ತೋಕಾಗದವರು ಮನೇಲೇ ನಿಂತು, ಹಲಸೂರು ಕಡೆ ಇರೋ ಹಳೇ ಗುಡಿಗಳಂಥ ಒಂದು ದೇವಸ್ಥಾನ ಸುತ್ತಿ ಬರಲಿ ಅನ್ನೋದು ನಮ್ಮ ಆಸೆ. ಬೆನ್ನ ಹಿಂದೆ ಕಂಪನಿ ಇಲ್ಲ, ಬಾಸ್ ಇಲ್ಲ. ಬೈಯೋಕೂ ಯಾರೂ ಇಲ್ಲ ಅಂತ ನಾವೇ ಒಬ್ಬರನ್ನೊಬ್ಬರು ಬೈಕೊಂಡು ಕೆಲಸ ಮಾಡ್ತೀವಿ.

೧. ಖಾಲಿ ರೂಮು

ಈ ಕೆಲಸಕ್ಕೆ ಮುಖ್ಯವಾಗಿ ಬೇಕಾಗೋದು ಖಾಲಿ ರೂಮು. ಹದಿನೆಂಟು ಮನೆ ಅಲೆದ್ವಿ. ಎಲ್ಲರೂ ಕೇಳೋದು ಒಂದೇ, ಏನು ಮಾಡ್ತೀರಿ ಅಂತ. ಕಣ್ಣು ಕಟ್ಕೊಂಡು ಕೈ ಬೀಸ್ತೀವಿ ಅಂದ್ರೆ ಯಾರು ರೂಮ್ ಕೊಡ್ತಾರೆ? ಕೊನೆಗೆ ಜೀವನ್ ಬಿಮಾ ನಗರದಲ್ಲಿ, ಆಫೀಸಿಂದ ರಿಟೈರಾದ ಒಬ್ಬ ಅಂಕಲ್ ಮನೆ ಮಹಡಿ ಮೇಲೆ ಸಿಕ್ಕಿತು.

ಅಂಕಲ್ ಹೆಂಡತಿಗೆ ನಮ್ಮ ಖಾಲಿ ರೂಮು ನೋಡಿ ಕರುಳು ಚುರುಕ್ ಅಂತು. ಪಾಪ, ಕೂರೋಕೂ ಏನಿಲ್ವಲ್ಲ ಅಂತ ಮೊದಲನೇ ದಿನ ಎರಡು ಕುರ್ಚಿ ಕಳಿಸಿದ್ರು. ಮಾರನೇ ದಿನ ಹಳೇ ದಿವಾನ ಬಂತು. ಬೇಡ ಆಂಟಿ, ನಮಗೆ ಖಾಲಿ ಜಾಗಾನೇ ಬೇಕು ಅಂದ್ರೆ, ಸಂಕೋಚ ಪಟ್ಕೋಬೇಡಿ ಅಂತ ಕೆಟ್ಟುಹೋದ ಗ್ರೈಂಡರೂ ಮೇಲಕ್ಕೆ ಬಂತು. ನಮ್ಮ ಮೇಲಿನ ಕನಿಕರಕ್ಕೆ ಕೊಡ್ತಿದಾರೋ, ಕೆಳಗಿನ ಮನೆ ಕ್ಲೀನ್ ಮಾಡ್ತಿದಾರೋ ಗೊತ್ತಾಗ್ಲಿಲ್ಲ.

ಒಂದು ಮಧ್ಯಾಹ್ನ ನಾನು ಡಬ್ಬ ಕಟ್ಕೊಂಡು ಗರ್ಭಗುಡಿಗೆ ಪ್ರದಕ್ಷಿಣೆ ಹಾಕ್ತಿದ್ದೆ. ಮೂರನೇ ಸುತ್ತಿಗೆ ಗ್ರೈಂಡರಿಗೆ ಮಂಡಿ ಹೊಡೆದು, ಅದನ್ನೂ ಬೀಳಿಸಿ, ನಾನೂ ಬಿದ್ದೆ. ಮನೆಯೆಲ್ಲಾ ಅದುರಿತು. ಗಂಡ ಹೆಂಡತಿ ಓಡಿ ಬಂದ್ರು. ಅಂಕಲ್ ಸೀದಾ ವಿಷಯಕ್ಕೆ ಬಂದ್ರು.

“ನೋಡಮ್ಮ, ಮೇಲೆ ಏನು ನಡೀತಿದೆ ಅಂತ ನನಗೆ ಗೊತ್ತಾಗ್ಬೇಕು. ತಿಂಗಳ ಕೊನೇಲಿ ನಾನೇ ಹಾಕ್ಕೊಂಡು ನೋಡ್ತೀನಿ. ಸರಿ ಅನ್ನಿಸಿದ್ರೆ ಇರಿ, ಇಲ್ಲ ಅಂದ್ರೆ ಖಾಲಿ ಮಾಡಿ.”

ನನಗೆ ಮಂಡಿಗಿಂತ ಎದೆ ಜಾಸ್ತಿ ನೋಯ್ತು. ಈ ರೂಮು ಹೋದ್ರೆ ತಾನು ಮತ್ತೆ ಹದಿನೆಂಟು ಮನೆ ಅಲೆಯಲ್ಲ, ಹಳೇ ಆಫೀಸಿಗೆ ಹೋಗ್ತೀನಿ ಅಂತ ಗೆಳತಿ ಮೊದಲೇ ಹೇಳಿಬಿಟ್ಟಿದ್ದಳು. ಅವಳು ಹೋದ್ರೆ ದೇವಸ್ಥಾನಾನೂ ಹೋದ ಹಾಗೆ. ಆಂಟಿ ಮಾತ್ರ ನನ್ನ ಮಂಡಿಗೆ ಎಣ್ಣೆ ಹಚ್ತಾ, ಮಂಡಿನೋವಿನವರಿಗೋಸ್ಕರ ಮಾಡ್ತೀವಿ ಅಂದಿದ್ರಿ, ಇಷ್ಟು ಬೇಗ ಒಬ್ಬರು ರೆಡಿ ಆದ್ರಲ್ಲ ಅಂದ್ರು.

೨. ಸಿಟ್ಟಿನ ದೇವರು

ಅಂಕಲ್ ನೋಡೋಕೆ ಮುಂಚೆ ಬೇರೆಯವರ ಹತ್ತಿರ ಪರೀಕ್ಷೆ ಮಾಡಿಸೋಣ ಅಂತ, ರಸ್ತೆ ತಿರುವಲ್ಲಿ ಹೂ ಮಾರೋ ರಾಯಚೂರು ಕಡೆಯ ಅಕ್ಕನ್ನ ಕರೆದ್ವಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸೆರಗು ಸರಿ ಮಾಡ್ಕೊಂಡು ಬಂದ್ರು. ಕಂಬ, ಮಂಟಪ ಎಲ್ಲಾ ನೋಡ್ತಾ ಗರ್ಭಗುಡಿ ತಲುಪಿದ್ರು. ಏಳು ತಿಂಗಳು ಕೂತು ಕೆತ್ತಿದ ಮೂರ್ತಿ. ಕೆತ್ತಿದ ಗೆಳತಿ ಅಕ್ಕನ ಪಕ್ಕಕ್ಕೇ ಬಂದು ನಿಂತಳು. ಅಕ್ಕ ಕೈ ಮುಗಿದು ಐದು ನಿಮಿಷ ಅಲ್ಲಾಡಲಿಲ್ಲ. ಡಬ್ಬ ತೆಗೆದ ಮೇಲೆ ಮೂರ್ತಿ ಹೇಗಿತ್ತು ಅಂತ ಕೇಳಿದ್ರೆ, ನೋಡೇ ಇಲ್ಲ ಅಂದ್ರು.

“ದೇವ್ರ ಮುಂದ ಕಣ್ಣ ತೆರಕೊಂಡ ಯಾರರ ನಿಂದರ್ತಾರೇನ್ರಿ?”

ಆಮೇಲೆ ಕರೆದ ಏಳೆಂಟು ಜನಾನೂ ಅಷ್ಟೇ. ದೇವರು ಬಂದ ತಕ್ಷಣ ಕಣ್ಣು ಮುಚ್ಚೋದು. ಗೆಳತಿಗೆ ತಲೆ ಕೆಟ್ಟು, ಹೋಗ್ಲಿ ಬಿಡು, ಮೂರ್ತಿ ತೆಗೆದು ಅಲ್ಲೊಂದು ಗೋಡೆ ಇಟ್ಟುಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ ಅಂದಳು. ಗಂಟೆ ಹೊಡೆದ್ರೆ ಎಲ್ಲರೂ ಕಣ್ಣು ಬಿಡ್ತಾರಲ್ಲ ಅಂತ ಹೊಳೆದು, ಗಂಟೆ, ಮಂಗಳಾರತಿ ಎರಡೂ ಸೇರಿಸಿದೆ.

ಮತ್ತೆ ಅಕ್ಕನ್ನ ಕರೆದ್ವಿ. ಗಂಟೆ ಹೊಡೀತು, ಅಕ್ಕ ಕಣ್ಣು ಬಿಟ್ಟು ಮೂರ್ತಿ ನೋಡಿದ್ರು. ನಮಗೆ ಕುಣಿಯೋಷ್ಟು ಖುಷಿ. ಅಷ್ಟರಲ್ಲಿ ಆರತಿ ತಟ್ಟೆ ಮುಂದೆ ಬಂತು. ಅಕ್ಕ ಎರಡೂ ಕೈ ಚಾಚಿ, ಆರತಿ ತಗೊಂಡು, ಕಣ್ಣಿಗೊತ್ತಿಕೊಂಡ್ರು. ಕೈಯಲ್ಲಿ ರಿಮೋಟು ಇತ್ತಲ್ಲ, ಠಪ್ ಅಂತ ಡಬ್ಬಕ್ಕೆ ಬಡಿದು, ಡಬ್ಬ ಮೂಗಿಗೆ ಬಡೀತು. ಈಗಾದ್ರೂ ಹೇಳಿ, ಹೇಗಿದೆ ಅಂತ ಕೇಳಿದ್ವಿ.

“ಚಲೋ ಐತ್ರಿ,” ಅಂದ್ರು ಮೂಗು ಉಜ್ಜಿಕೊಳ್ತಾ. “ಆದ್ರ ಭಾಳ ಸಿಟ್ಟಿನ ದೇವ್ರು.”

೩. ಇಂದಿರಾನಗರದ ಸಾಹೇಬರು

ಹೊಸ ಕಂಪನಿಗಳಿಗೆ ದುಡ್ಡು ಹಾಕಿ ಬೆನ್ನು ತಟ್ಟೋ ಸಾಹೇಬರೊಬ್ಬರು ಇಂದಿರಾನಗರದಲ್ಲಿದ್ರು. ಡಬ್ಬ ಹೊತ್ಕೊಂಡು ಅವರ ಆಫೀಸಿಗೆ ಹೋಗಿ ಅವರಿಗೆ ಕಟ್ಟಿದ್ವಿ. ಅಲ್ಲಿ ಓಡಾಡೋಕೆ ಜಾಗ ಇಲ್ಲ, ನಿಂತಲ್ಲೇ ರಿಮೋಟಿನಿಂದ ಮುಂದೆ ಸಾಗ್ಬೇಕು. ರಿಮೋಟಿನ ಗುಂಡಿ ಮೆಲ್ಲಗೆ ಒತ್ತಿ ಸಾರ್ ಅಂತ ಹೇಳೋದ್ರೊಳಗೆ ಪೂರ್ತಿ ಒತ್ತಿ, ದೇವಸ್ಥಾನದೊಳಗೆ ಆಟೋ ಓಡಿಸಿದ ಹಾಗೆ ಓಡಿಸಿದ್ರು. ಮೈ ನಿಂತಲ್ಲೇ ನಿಂತು ಕಣ್ಣು ಮಾತ್ರ ಓಡಿದ್ರೆ ಹೊಟ್ಟೆ ಸುಮ್ನಿರುತ್ತಾ? ಅಮೇಜಿಂಗ್, ಅಮೇಜಿಂಗ್ ಅಂತಿದ್ದವರು ಹಾಗೇ ಬೆವೆತು ನೆಲಕ್ಕೆ ಕೂತ್ರು. ಗೆಳತಿ ಬ್ಯಾಗಿಂದ ನಿಂಬೆಹಣ್ಣು ತೆಗೆದು ಅವರ ಮೂಗಿಗೆ ಹಿಡಿದಳು. ಕೆ.ಆರ್. ಪುರಂನಲ್ಲಿರೋ ತನ್ನ ಸ್ವಂತ ಅಕ್ಕನ ಮನೆಗೆ ಬಸ್ಸಲ್ಲಿ ಹೋಗಿ ಬರೋಳು, ಅವಳ ಬ್ಯಾಗಲ್ಲಿ ಅದು ಯಾವಾಗ್ಲೂ ಇರುತ್ತೆ.

ವಾರ ಬಿಟ್ಟು ಸಾಹೇಬರೇ ಫೋನ್ ಮಾಡಿದ್ರು. ನಾವಿಬ್ಬರೂ ಸ್ಪೀಕರ್ ಹಾಕ್ಕೊಂಡು, ದೇವ್ರೇ ದೇವ್ರೇ ಅಂತ ಕೇಳಿಸ್ಕೊಂಡ್ವಿ. ಫ್ಯಾಮಿಲಿ ಜೊತೆ ಘಟ್ಟದ ರಸ್ತೇಲಿ ಟ್ರಿಪ್ ಹೋಗ್ತಿದಾರಂತೆ. ನಿಂಬೆಹಣ್ಣನ್ನ ಕತ್ತರಿಸಿ ಹಿಡೀಬೇಕಾ, ಇಡೀ ಹಣ್ಣೇ ಸಾಕಾ ಅಂತ ಕೇಳಿದ್ರು.

ಸಾಹೇಬರು ತಲೆ ಸುತ್ತಿ ಕೂತದ್ರಿಂದ ಒಂದು ಉಪಕಾರ ಆಯ್ತು. ಜನ ಓಡದ ಹಾಗೆ ಮಾಡೋಕೆ, ಗೆಳತಿ, ದೇವಸ್ಥಾನ ನೋಡೋರ ಮುಂದೆ ಕಂಪ್ಯೂಟರಿನಲ್ಲೇ ಮಾಡಿದ ಇಪ್ಪತ್ತು ಭಕ್ತರ ಒಂದು ಕ್ಯೂ ನಿಲ್ಲಿಸಿದಳು. ಕ್ಯೂ ಮೆಲ್ಲಗೆ ಸಾಗುತ್ತೆ, ತಲೆ ಸುತ್ತೋ ಮಾತೇ ಇಲ್ಲ.

೪. ಅಂಕಲ್ ದರ್ಶನ

ತಿಂಗಳ ಕೊನೇ ದಿನ, ಸಂಜೆ ಐದಕ್ಕೆ, ಅಂಕಲ್ ಸ್ನಾನ ಮಾಡಿ, ಪಂಚೆ ಉಟ್ಕೊಂಡು, ಹೆಗಲಿಗೆ ಟವೆಲ್ ಹಾಕ್ಕೊಂಡು ಬಂದ್ರು. ಡಬ್ಬ ಕಟ್ಟಿದೆ. ಅವರಿಗೆ ಕಾಣೋದೆಲ್ಲ ನಮ್ಮ ಲ್ಯಾಪ್‌ಟಾಪಿನಲ್ಲೂ ಕಾಣುತ್ತೆ. ಕ್ಯೂ ನಾಲ್ಕು ಹೆಜ್ಜೆ ಸಾಗಿ ನಿಂತುಬಿಡ್ತು. ಅಂಕಲ್ ಮುಂದಿರೋ ಬೋಳುತಲೆಯವನು ಅಲ್ಲಾಡ್ತಾನೇ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ ಅಂದ್ರೆ ನಾನು ಬರೆದ ಪ್ರೋಗ್ರಾಮು.

ಮುಗೀತು ನಮ್ಮ ಕಥೆ, ನಿಲ್ಲಿಸಿ ಮತ್ತೆ ಶುರು ಮಾಡೋಣ ಅಂತ ಗೆಳತಿ ಕಿವೀಲಿ ಪಿಸುಗುಟ್ಟಿದಳು. ತಡಿ ಅಂದೆ. ಯಾಕಂದ್ರೆ ಅಂಕಲ್‌ಗೆ ಬೇಜಾರೇ ಆಗಿರ್ಲಿಲ್ಲ. ಕೈ ಹಿಂದೆ ಕಟ್ಕೊಂಡು ಆರಾಮಾಗಿ ನಿಂತಿದ್ರು. ಹತ್ತು ನಿಮಿಷ ಆದ ಮೇಲೆ, ಯಾವ ಕಡೆಯಿಂದ ಬಂದ್ರಿ ಅಂತ ಬೋಳುತಲೆಯವನನ್ನ ವಿಚಾರಿಸಿದ್ರು. ಇಪ್ಪತ್ತು ನಿಮಿಷಕ್ಕೆ, ವಿಐಪಿಗಳನ್ನ ಪಕ್ಕದ ಬಾಗಿಲಿಂದ ಬಿಡ್ತಿರಬೇಕು ಅಂತ ತಾವೇ ಅಂದ್ಕೊಂಡ್ರು. ನಲವತ್ತು ನಿಮಿಷ ಅಂಕಲ್ ನಿಂತೇ ಇದ್ರು.

ಕೆಳಗಿಂದ ಆಂಟಿ ಕಾಫಿಗೆ ಕೂಗಿದ್ರು. ಆಗ ಅಂಕಲ್ ಹೆಗಲ ಮೇಲಿನ ಟವೆಲ್ ತೆಗೆದು, ತಡಕಾಡಿ ಕಾಲ ಹತ್ತಿರ ನೆಲದ ಮೇಲೆ ಹಾಸಿದ್ರು. ಆಮೇಲೇ ಡಬ್ಬ ಬಿಚ್ಚಿದ್ದು.

“ಈ ಟವೆಲ್ ಯಾರೂ ಮುಟ್ಟಬೇಡಿ. ನನ್ನ ಜಾಗ ಹೋಗುತ್ತೆ,” ಅಂದ್ರು.

ಹಾಗಾದ್ರೆ ಅಂಕಲ್, ರೂಮು ಖಾಲಿ ಮಾಡ್ಬೇಕಾ ಅಂತ ಕೇಳಿದೆ. ಅಂಕಲ್ ನನ್ನನ್ನ ತಿಳುವಳಿಕೆ ಇಲ್ಲದವಳ ಹಾಗೆ ನೋಡಿದ್ರು.

“ಅರ್ಧ ಕ್ಯೂನಲ್ಲಿ ನಿಲ್ಲಿಸಿ ರೂಮ್ ಖಾಲಿ ಮಾಡ್ತೀವಿ ಅಂತೀರಲ್ಲಮ್ಮ? ನನಗೆ ದರ್ಶನ ಆಗ್ಲಿ, ಆಮೇಲೆ ಆ ಮಾತು.”

ಅಂಕಲ್ ಇಳಿದು ಹೋದ ಮೇಲೆ ನಾವಿಬ್ಬರೂ ತಬ್ಕೊಂಡು ನಕ್ಕು ಸುಸ್ತಾದ್ವಿ. ತಪ್ಪು ಎಲ್ಲಿದೆ ಅಂತ ನನಗೆ ಆವತ್ತೇ ಸಿಕ್ಕಿತು, ಹತ್ತು ನಿಮಿಷದ ಕೆಲಸ. ಬೇರೆ ಎಲ್ಲರಿಗೂ ಸರಿ ಮಾಡಿದೀವಿ. ಅಂಕಲ್ ದಿನಾ ಐದಕ್ಕೆ ಬಂದು ಟವೆಲ್ ಮೇಲೆ ನಿಂತ್ಕೊಳ್ತಾರೆ, ಅವರ ಕ್ಯೂ ಮಾತ್ರ ಹಾಗೇ ಇದೆ. ಯಾವತ್ತಾದ್ರೂ ಆಂಟಿ, ದಿನಾ ಕಾಫಿ ಆರಿಹೋಗುತ್ತೆ, ಆ ಹೆಣ್ಣುಮಕ್ಕಳನ್ನ ಯಾವಾಗ ಕಳಿಸ್ತೀರಿ ಅಂತ ಕೆಳಗೆ ರಾಗ ತೆಗೆದದ್ದು ಕೇಳಿಸಿದ್ರೆ, ಅಂಕಲ್ ದರ್ಶನದ ಆಸೆ ಬಿಡದ ಹಾಗೆ ಆವತ್ತು ಬೋಳುತಲೆಯವನನ್ನ ಒಂದು ಹೆಜ್ಜೆ ಮುಂದಕ್ಕೆ ಬಿಡ್ತೀವಿ.