ಗ್ರೀಸು, ರೋಮ ಮತ್ತು ನಮ್ಮ ಚಿಕ್ಕಪ್ಪ

ಕೂದಲು ಉದುರುವುದಕ್ಕೆ ಮದ್ದು ಕೇಳಿಕೊಂಡು ಜನ ಮನೆ ಬಾಗಿಲಿಗೆ ಬರುತ್ತಿದ್ದ ಇತಿಹಾಸದ ಎಂ.ಎ. ಪದವೀಧರರು ಇಡೀ ಕರ್ನಾಟಕದಲ್ಲಿ ಒಬ್ಬರೇ ಇದ್ದಿರಬೇಕು. ಅವರು ನಮ್ಮ ಚಿಕ್ಕಪ್ಪ! ಹಾಗೆ ಬಂದವರದೂ ತಪ್ಪಲ್ಲ ಬಿಡಿ.

ಎಪ್ಪತ್ತರ ದಶಕದ ಕೊನೆಯಲ್ಲಿ ಮೈಸೂರಿನ ಓದು ಮುಗಿಸಿ ಬಿಳಿಗೆರೆಗೆ ಬಂದಿಳಿದ ಮಗನನ್ನು ನಮ್ಮಜ್ಜ ಕೊಬ್ಬರಿ ಅಟ್ಟದ ಕೆಳಗೆ ನಿಲ್ಲಿಸಿಕೊಂಡು ಕೇಳಿದರು, "ಅಷ್ಟೊರ್ಷ ಏನ್ಲಾ ಓದ್ದೆ?"

"ಗ್ರೀಸು, ರೋಮು ಕಣಪ್ಪ."

ಅಜ್ಜನಿಗೆ ಗೊತ್ತಿದ್ದ ಗ್ರೀಸು ಪಂಪ್‌ಸೆಟ್ಟಿಗೆ ಹಚ್ಚುವುದು. ರೋಮವಂತೂ ಎಲ್ಲರ ಮೈಮೇಲೂ ಇತ್ತು. "ಒಳ್ಳೇದೇ ಆಯ್ತು ಬುಡು. ನಮ್ ಕೊಬ್ರಿ ಎಣ್ಣೆಗೆ ಎಲ್ಡೂ ಹೊಂದ್ತವೆ!"

ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಪಕ್ಕದ ತೋಟದವರು ಕೆಟ್ಟ ಪಂಪ್‌ಸೆಟ್ಟು ನೋಡಲು ಕರೆದರು. ಚಿಕ್ಕಪ್ಪ ಹೋದರು ಕೂಡ! ಗ್ರೀಸೆಂಬುದು ಒಂದು ದೇಶ, ಅಲ್ಲಿ ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಊರವರೆಲ್ಲ ಒಂದು ಕಡೆ ಸೇರಿ ಕೈ ಎತ್ತಿ ತೀರ್ಮಾನ ಮಾಡುತ್ತಿದ್ದರು ಎಂದು ಬಾವಿ ಕಟ್ಟೆಯ ಮೇಲೆ ಕೂತು ಗಂಟಲು ಒಣಗುವವರೆಗೆ ವಿವರಿಸಿದರು. ಎಲ್ಲ ಕೇಳಿಸಿಕೊಂಡ ತೋಟದ ಯಜಮಾನ, "ಅದೆಲ್ಲ ಸರಿ ಕಣಪ್ಪ, ಮೋಟ್ರು ಯಾವಾಗ ಬಿಚ್ಚೀಯ?" ಎಂದ.

ಹೆಣ್ಣು ನೋಡಲು ತುರುವೇಕೆರೆ ಕಡೆ ಹೋದಾಗ ಇನ್ನೊಂದು ಫಜೀತಿ. ಚಿಕ್ಕಪ್ಪನ ನೆತ್ತಿ ಆ ವಯಸ್ಸಿಗೇ ಬೋಳಾಗಿತ್ತು.

"ಹುಡುಗ ಏನು ಓದವ್ರೆ?" ಎಂದರು ಹೆಣ್ಣಿನ ತಂದೆ.

"ರೋಮ," ಎಂದರು ನಮ್ಮಜ್ಜ, ಹೆಮ್ಮೆಯಿಂದ.

ಅವರು ಚಿಕ್ಕಪ್ಪನ ತಲೆಯನ್ನೊಮ್ಮೆ ನಿಧಾನವಾಗಿ ನೋಡಿ, "ಪಾಸಾಗವ್ರಾ?" ಎಂದು ಕೇಳಿದರು!

ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಚಿಕ್ಕಪ್ಪ ನಗಲಿಲ್ಲ. ಸಂಬಂಧ ತಪ್ಪಿದ್ದಕ್ಕೆ ಅವರಿಗೆ ಅಂಥ ಬೇಸರವೇನೂ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಒಂದೇ, ತಾನು ಕಲಿತದ್ದನ್ನು ಯಾರಿಗಾದರೂ ಹೇಳಿಕೊಡಬೇಕು. ತಿಪಟೂರಿನ ಕಾಲೇಜೊಂದರಲ್ಲಿ ಕೆಲಸವೇನೋ ಸಿಕ್ಕಿತು. ಆದರೆ ವರ್ಷಗಟ್ಟಲೆ ಪಾಣಿಪತ್ ಯುದ್ಧವನ್ನೇ ಪಾಠ ಮಾಡಿ ಮಾಡಿ ಮುಖವೇ ರಣರಂಗದಂತಾಯಿತು. ಕಂಡಕಂಡವರನ್ನು ಹಿಡಿದು ಗ್ರೀಕರ ಕಥೆ ಶುರುಮಾಡುವುದು, ಅವರು ಬಸ್ಸಿಗೆ ಹೊತ್ತಾಯಿತೆಂದು ಓಡುವುದು, ಇವರು ನಿಟ್ಟುಸಿರು ಬಿಡುವುದು. ಬಸ್ಸುಗಳು ನಮ್ಮ ತಿಪಟೂರಿನಲ್ಲಿ ಯಾವಾಗ ಇಲ್ಲ ಹೇಳಿ?

ಕೊನೆಗೆ ಕಾಡಿ ಬೇಡಿ ಪ್ರಿನ್ಸಿಪಾಲರನ್ನು ಒಪ್ಪಿಸಿದರು. ಹುಡುಗರು ಸೇರುವುದಾದರೆ ಗ್ರೀಕ್ ರೋಮನ್ ನಾಗರಿಕತೆಯನ್ನು ಐಚ್ಛಿಕ ವಿಷಯವಾಗಿ ನಡೆಸಬಹುದು, ಯಾರೂ ಬಾರದಿದ್ದರೆ ಅಲ್ಲಿಗೆ ಮುಗಿಯಿತು, ಮತ್ತೆ ಆ ಮಾತೆತ್ತಬಾರದು ಎಂಬುದು ಅವರ ಷರತ್ತು. ಮೊದಲ ತರಗತಿಯ ದಿನ ಚಿಕ್ಕಪ್ಪ ಇಸ್ತ್ರಿ ಅಂಗಿ ತೊಟ್ಟು ಮದುಮಗನಂತೆ ಹೊರಟರು. ಬೆಂಚುಗಳೆಲ್ಲ ಖಾಲಿ. ಹಿಂದಿನ ಬೆಂಚಿನಲ್ಲಿ ಮಾತ್ರ ಒಬ್ಬ ಕೂತಿದ್ದ. ಅವನೊಬ್ಬನಿಗೇ ಹುರುಪಿನಿಂದ ಪಾಠ ಶುರುಮಾಡಿದರು. ಸ್ವಲ್ಪ ಹೊತ್ತಿಗೆ ಅವನು ಎದ್ದು ನಿಂತು, "ಹುಳಿಯಾರು ಬಸ್ಸು ಬರೋಗಂಟ ನೆಳ್ಳಿಗೆ ಕೂತಿದ್ದೆ ಸಾರ್. ಬಂತು, ಬತ್ತೀನಿ," ಎಂದು ಹೋಗಿಬಿಟ್ಟ.

ಮಧ್ಯಾಹ್ನ ಮನೆಗೆ ಬಂದ ಚಿಕ್ಕಪ್ಪ ಜಗುಲಿಯ ಮೇಲೆ ಕುಸಿದು ಕೂತರು.

"ಮುಗೀತು ಕಣವ್ವ. ಓದಿದ್ದೆಲ್ಲ ದಂಡ. ಒಬ್ರಿಗೂ ಬ್ಯಾಡ."

ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದ ಅಜ್ಜಿ ಕತ್ತಿ ಕೆಳಗಿಟ್ಟರು. "ನಂಗೇಳ್ಲಾ. ಆ ರೋಮದೋರು ಏನಾದ್ರು?"

"ನಿಂಗೆ ಬ್ಯಾಸ್ರಾಯ್ತದೆ."

"ನಿನ್ನ ಓದಾಕೆ ಕಳಿಸ್ದೋಳು ನಾನು. ಏನು ಓದ್ದೆ ಅಂತ ಒಂದಿನಾನಾದ್ರೂ ಕೇಳಬ್ಯಾಡ್ವಾ?"

ಚಿಕ್ಕಪ್ಪ ಶುರುಮಾಡಿದರು. ಮುಂದೆ ರೋಮ್ ಕಟ್ಟಿದ ಅವಳಿ ಮಕ್ಕಳಿಗೆ ತೋಳವೊಂದು ಹಾಲೂಡಿಸಿದ್ದನ್ನು ಕೇಳಿ ಅಜ್ಜಿ, "ಪುಣ್ಯಾತಗಿತ್ತಿ!" ಎಂದು ಕೈ ಮುಗಿದರು. ಪಟ್ಟಣ ಬೆಳೆಯಿತು, ರಸ್ತೆಗಳಾದವು, ದೊರೆಗಳು ಬಂದು ಹೋದರು. ಶತ್ರುಗಳು ಕೋಟೆ ಬಾಗಿಲಿಗೆ ಬರುವ ಹೊತ್ತಿಗೆ ಅಜ್ಜಿ ಕಂಬಕ್ಕೊರಗಿ ನಿದ್ದೆ ಹೋಗಿದ್ದರು.

ಬಾಗಿಲಲ್ಲಿ ನಿಂತಿದ್ದ ನನಗೆ ಸಂಕಟವಾಯಿತು. ಇದೂ ಹೋಯಿತಲ್ಲ! ಆದರೆ ಚಿಕ್ಕಪ್ಪ ನಿಲ್ಲಿಸಲಿಲ್ಲ. ಹೆಗಲ ಟವಲು ಮಡಿಸಿ ಅಜ್ಜಿಯ ತಲೆಗೂ ಕಂಬಕ್ಕೂ ನಡುವೆ ಇಟ್ಟರು. ಆಮೇಲೆ ಅಲ್ಲೇ ಪಕ್ಕದಲ್ಲಿ ಕೂತು, ಅವ್ವನಿಗೆ ಎಚ್ಚರವಾಗದ ಹಾಗೆ, ರೋಮ್ ಬಿದ್ದದ್ದನ್ನು ಕೊನೆಯವರೆಗೂ ಪಿಸುಮಾತಿನಲ್ಲೇ ಹೇಳಿ ಮುಗಿಸಿದರು.