ಕೊನೆಯ ಹದಿನಾರು ಪುಟ

"ಅಲ್ಲಪ್ಪಾ, ಮೆಟ್ಟಿಲ ಕೆಳಗೆ ಒಂದು ಕಟ್ಟು ಹಾಗೇ ಬಿದ್ದಿದೆಯಲ್ಲ, ಅದನ್ನ ನೀನು ತಗೊಂಡು ಹೋಗಲೇ ಇಲ್ವಾ?" ಎಂದು ಹಿಂದಿನ ರಾತ್ರಿ ಊರಿಂದ ಮರಳಿದ್ದ ಅತ್ತಿಗೆ ಕೇಳಿದಾಗ ಅಂಟಣ್ಣ ಬೆಳಗಿನ ಕಾಫಿಯನ್ನು ಅರ್ಧ ಕುಡಿದಿದ್ದ. ಉಳಿದರ್ಧವನ್ನು ಅವನು ಕುಡಿಯಲೇ ಇಲ್ಲ.

ಅಂಟಣ್ಣನದು ಬೈಂಡಿಂಗ್ ಅಂಗಡಿ. ಗೋಡೆಯ ಆಚೆಗೆ ಅವನ ಅಣ್ಣನ ಪ್ರೆಸ್ಸು. ಅಣ್ಣ ಅಚ್ಚು ಹಾಕಬೇಕು, ತಮ್ಮ ಹೊಲಿದು ಅಂಟಿಸಬೇಕು. ಇಷ್ಟು ಸರಳವಾದ ಸಂಸಾರದಲ್ಲಿ ಎರಡು ವರ್ಷದ ಹಿಂದೆ ಅಣ್ಣ ಹಳೆಯ ಕಟಿಂಗ್ ಮಷೀನನ್ನು ತಮ್ಮನನ್ನು ಒಂದು ಮಾತೂ ಕೇಳದೆ ಮಾರಿಬಿಟ್ಟ. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಮಾತು ನಿಂತರೂ ಕೆಲಸ ನಿಲ್ಲುವಂತಿಲ್ಲವಾದ್ದರಿಂದ ಅತ್ತಿಗೆ ನಡುವೆ ಓಡಾಡುತ್ತಿದ್ದಳು. "ಒಣಗಿದೆಯಂತೆ, ತಗೋಬೇಕಂತೆ" ಎಂದು ಈ ಕಡೆ, "ತಗೊಂಡನಂತೆ, ಇನ್ನೂ ಬರಬೇಕಂತೆ" ಎಂದು ಆ ಕಡೆ. ಹೋದ ತಿಂಗಳು ತಂಗಿಗೆ ಹೆರಿಗೆಯೆಂದು ಅವಳು ಪರವೂರಿಗೆ ಹೋದಳು. ಅದೇ ವಾರ ಟೀಚರ ಕಾದಂಬರಿಯ ಕೊನೆಯ ಹದಿನಾರು ಪುಟಗಳು ಅಚ್ಚಾದವು. ಬೇಕಾದರೆ ಬಂದು ತೆಗೆದುಕೊಳ್ಳಲಿ ಎಂದು ಅಣ್ಣ ಮೆಟ್ಟಿಲ ಕೆಳಗಿಟ್ಟ. ಇದ್ದರೆ ಹೇಳಿ ಕಳಿಸಲಿ ಎಂದು ತಮ್ಮ ಬಂದಷ್ಟನ್ನು ಹೊಲಿದ. ಬಂದಷ್ಟರ ಕೊನೆಯ ಸಾಲಿನಲ್ಲಿ ಪೂರ್ಣವಿರಾಮವಿತ್ತು. ಅಂಟಣ್ಣನಿಗೆ ಅಷ್ಟು ಸಾಕಾಗಿತ್ತು.

ಈಗ ಅವನು ಕಟ್ಟು ಬಿಚ್ಚಿ ನೋಡಿದರೆ ಕತೆ ಇನ್ನೂ ಮುಂದುವರಿದಿತ್ತು. ಪುಸ್ತಕ ಆಗಲೇ ಬೀದಿಯ ಮನೆಮನೆಗೂ ಹೋಗಿದೆ. ಸಂಜೆ ಗ್ರಂಥಾಲಯದಲ್ಲಿ ಓದುಗರ ಸಭೆ. ಓದಿದವರೆಲ್ಲ ಟೀಚರ ಮುಂದೆ ನಿಂತು ಮಾತಾಡುತ್ತಾರೆ. ಟೀಚರು ಅವನಿಗೆ ಅಕ್ಷರ ಕಲಿಸಿದವರು. ಶಾಲೆಯಿಂದ ನಿವೃತ್ತರಾದ ಮೇಲೆ ವರ್ಷಗಟ್ಟಲೆ ಕೂತು ಬರೆದ ಮೊದಲ ಪುಸ್ತಕ ಅದು. ಅಚ್ಚಿನ ತಪ್ಪು ಕಂಡರೆ ಎದೆ ಒಡೆದುಹೋಗುತ್ತದೆ ಎಂದು ಅವರು ತಮ್ಮ ಪ್ರತಿಯನ್ನು ಇನ್ನೂ ತೆರೆದೇ ಇರಲಿಲ್ಲ. ಆ ತಾಯಿಯಂಥ ಹೆಂಗಸಿನ ಕತೆಗೆ ತಾನೇ ಕತ್ತರಿ ಹಾಕಿದೆನೆಂದು ತಿಳಿದರೆ ಅವರಿಗೆ ಹೇಗೆ ಮುಖ ತೋರಿಸುವುದು? ಸಂಜೆಯೊಳಗೆ ಎಲ್ಲ ಪ್ರತಿಗಳಿಗೂ ಪುಟ ಅಂಟಿಸಿಬಿಡುವುದೆಂದು ಅಂಟಣ್ಣ ಅಂಟಿನ ಡಬ್ಬಿ, ಬ್ರಷ್ಷು, ಕಟ್ಟು ಎತ್ತಿಕೊಂಡು ಹೊರಟ.

ಮೊದಲು ಸಿಕ್ಕಿದ್ದು ಸಲೂನು. ಕಾದಂಬರಿ ಕನ್ನಡಿಯ ಕೆಳಗೆ, ಬಾಚಣಿಗೆಗಳ ಪಕ್ಕದಲ್ಲಿ ರಾಜಮರ್ಯಾದೆಯಿಂದ ಕೂತಿತ್ತು. ಸಲೂನಿನವನು ಒಬ್ಬ ಗಿರಾಕಿಯ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ನೊರೆ ಹಚ್ಚುತ್ತಿದ್ದ.

"ಏನು ಪುಸ್ತಕ ಅಂತೀಯ ಮಾರಾಯ," ಎಂದ. "ಇಬ್ಬರು ಗಂಡುಮಕ್ಕಳು ಜಗಳ ಆಡಿಕೊಂಡು ಮನೆ ಬಿಟ್ಟುಹೋಗ್ತಾರೆ. ತಾಯಿ ಎರಡು ತಟ್ಟೆ ಹಾಕಿಟ್ಟು ಬಾಗಿಲಲ್ಲಿ ನಿಂತ್ಕೋತಾಳೆ. ಅಷ್ಟೇ, ಮುಗೀತು. ಬಂದ್ರಾ, ಇಲ್ವಾ, ಹೇಳೋದೇ ಇಲ್ಲ. ನಾನು ಎರಡು ದಿನ ಸರಿಯಾಗಿ ಊಟ ಮಾಡಿಲ್ಲ."

"ಇನ್ನೂ ಹದಿನಾರು ಪುಟ ಇದೆ," ಎಂದ ಅಂಟಣ್ಣ ಮೆಲ್ಲಗೆ.

"ಎಲ್ಲಿಂದ ಬಂತು?"

ತನ್ನ ತಪ್ಪನ್ನು ಒಪ್ಪಿಕೊಳ್ಳಲು ಅಂಟಣ್ಣನಿಗೆ ಬಾಯಿ ಬರಲಿಲ್ಲ. "ಅದು... ಆಮೇಲೆ ಸೇರಿಸಿದ್ದು," ಎಂದುಬಿಟ್ಟ. ಆ ಒಂದು ಮಾತು ಅವನ ಇಡೀ ದಿನವನ್ನು ತಿಂದುಹಾಕಿತು.

ಸಲೂನಿನವನು ಕತ್ತಿಯನ್ನು ಕೆಳಗಿಟ್ಟು ಜೋರಾಗಿ ಓದಿದ. ಹದಿನಾರು ಪುಟದಲ್ಲಿ ದೊಡ್ಡ ಮಗ ಓಡಿ ಬಂದು ಚಿಕ್ಕವನ ಕೈ ಹಿಡಿದು ಕ್ಷಮೆ ಕೇಳುತ್ತಾನೆ, ಚಿಕ್ಕವನು ಅಳುತ್ತಾನೆ, ಕೋರ್ಟಿನ ಕೇಸು ವಾಪಸಾಗುತ್ತದೆ, ಹಾಸಿಗೆ ಹಿಡಿದಿದ್ದ ಅಜ್ಜ ಎದ್ದು ಕೂರುತ್ತಾನೆ, ಮೊದಲ ಪುಟದಿಂದ ಕುಂಟುತ್ತಿದ್ದ ನಾಯಿ ಓಡತೊಡಗುತ್ತದೆ. ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿ ಕುರ್ಚಿಯಲ್ಲೇ ತಿರುಗಿ ಕೂತ.

"ಇದು ಟೀಚರು ಬರೆದದ್ದಲ್ಲ," ಎಂದ ಗಿರಾಕಿ, ಅರ್ಧ ಮುಖದಿಂದಲೇ ತೀರ್ಪು ಕೊಟ್ಟು.

"ಅಲ್ವೇ ಅಲ್ಲ," ಎಂದ ಸಲೂನಿನವನು. ಅವನು ಅಂಟಣ್ಣನನ್ನು ಮೇಲಿಂದ ಕೆಳಗೆ ನೋಡಿದ. "ನಿನಗೆ ಯಾವಾಗಿಂದ ಈ ಬರೆಯೋ ಚಟ?"

ಅಂಟಣ್ಣ ಡಬ್ಬಿ ಎತ್ತಿಕೊಂಡ. ಓದಿದ ಪುಟಗಳು ಮಾತ್ರ ಸಲೂನಿನಲ್ಲೇ ಉಳಿದವು.

ಟೈಲರಮ್ಮನ ಅಂಗಡಿಯಲ್ಲಿ ಅವನಿಗೆ ಕೂರಲು ಜಾಗವಿರಲಿಲ್ಲ. ಇದ್ದ ಒಂದೇ ಸ್ಟೂಲಿನ ಮೇಲೆ ಟೈಲರಮ್ಮನ ಅಕ್ಕ ಕೂತಿದ್ದಳು. ಇಬ್ಬರೂ ಒಬ್ಬರ ಮಾತು ಒಬ್ಬರು ಕೇಳಿಸಿಕೊಳ್ಳದೆ ಒಟ್ಟಿಗೇ ಮಾತಾಡುತ್ತಿದ್ದರು. ಅವರಿಬ್ಬರೂ ಪರಸ್ಪರ ಮುಖ ನೋಡಿ ಆರು ವರ್ಷವಾಗಿದ್ದು ಬೀದಿಗೆಲ್ಲ ಗೊತ್ತಿತ್ತು.

"ಪುಸ್ತಕ ಓದಿ ಮುಚ್ಚಿಟ್ಟೆ. ಆ ತಾಯಿ ಕಣ್ಣ ಮುಂದಿಂದ ಹೋಗ್ಲೇ ಇಲ್ಲ ಅಂಟಣ್ಣಾ," ಎಂದಳು ಟೈಲರಮ್ಮ. "ಆ ಮುಂಡೇವು ಬರ್ಲಿಲ್ಲ, ನಾನಾದ್ರೂ ಫೋನ್ ಮಾಡೋಣ ಅಂತ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು."

"ಅವರು ಬರ್ತಾರೆ ಟೈಲರಮ್ಮ. ಇದರಲ್ಲಿದೆ. ಅಂಟಿಸಿಕೊಡ್ತೀನಿ."

ಟೈಲರಮ್ಮ ಪುಸ್ತಕವನ್ನು ಕತ್ತರಿಯ ಜೊತೆಗೇ ಕೈಗೆತ್ತಿಕೊಂಡಳು. "ಅವರಾಗೇ ಬಂದಿದ್ರೆ ನಾನ್ಯಾಕೆ ಫೋನ್ ಮಾಡ್ತಿದ್ದೆ? ನನ್ನ ಪುಸ್ತಕಕ್ಕೆ ಅಂಟು ಮುಟ್ಟಿಸಿದ್ರೆ ನೋಡಿ ಮತ್ತೆ."

ಅವಳ ಅಕ್ಕನ ಮುಖ ಅಂಟಣ್ಣನನ್ನು ಆ ಕತ್ತರಿಗಿಂತ ಹೆಚ್ಚು ಚುಚ್ಚಿತು. ಗೋಡೆಯ ಆಚೆಯ ಮಷೀನಿನ ಸದ್ದನ್ನು ಎರಡು ವರ್ಷದಿಂದ ಕೇಳಿಸಿಕೊಂಡು ಕೂತವನು ಅವನು. ಆದರೂ ಮೊದಲು ಮಾತಾಡಬೇಕಾದವನು ಮಷೀನು ಮಾರಿದವನೇ ತಾನೇ ಎಂದುಕೊಂಡು ಮುಂದೆ ನಡೆದ.

ಸುದ್ದಿ ಅವನಿಗಿಂತ ಚುರುಕಾಗಿತ್ತು. ಔಷಧಿ ಅಂಗಡಿಯವರು ಅವನನ್ನು ಕಂಡೊಡನೆ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ನೀವೇ ಬರೆದ ಅಧ್ಯಾಯವಂತೆ. ಕತೆಗಿತೆ ಬರೆಯೋದಿದ್ರೆ ಸ್ವಂತ ಪುಸ್ತಕ ಮಾಡ್ಕೊಳ್ಳಿ, ಇನ್ನೊಬ್ಬರ ಬೆನ್ನಿಗೆ ಅಂಟಿಸೋದು ಏನು ನ್ಯಾಯ?" ಎಂದು ಕೇಳಿದರು. ಹಾಲಿನವನು ಮನೆ ಬಾಗಿಲನ್ನೇ ತೆರೆಯಲಿಲ್ಲ. ಬಿಸಿಲೇರುವ ಹೊತ್ತಿಗೆ ಇಡೀ ಬೀದಿ ಕಾದಂಬರಿಯನ್ನು ಎದೆಗವಚಿಕೊಂಡು ಕಾವಲು ನಿಂತಿತ್ತು. ಡಬ್ಬಿಯ ಅಂಟು ಒಣಗಿತು, ಒಂದು ಪ್ರತಿಗೂ ಒಂದು ಪುಟವೂ ಅಂಟಲಿಲ್ಲ.

ಸಂಜೆ ಗ್ರಂಥಾಲಯದ ಸಭಾಂಗಣ ತುಂಬಿತ್ತು. ಅಂಟಣ್ಣ ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕೂತ. ಎದುರು ಮೂಲೆಯಲ್ಲಿ ಅಣ್ಣ ಕೈಕಟ್ಟಿ ನಿಂತಿದ್ದ. ಅತ್ತಿಗೆ ಎಳೆದು ತಂದಿರಬೇಕು. ಟೀಚರು ಇಸ್ತ್ರಿ ಮಾಡಿದ ಸೀರೆಯುಟ್ಟು, ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ಕೈ ಕೈ ಹಿಸುಕಿಕೊಳ್ಳುತ್ತಿದ್ದರು. ಮೊದಲು ಎದ್ದ ಟೈಲರಮ್ಮ, "ಆ ತಾಯಿನ ಬಾಗಿಲಲ್ಲಿ ನಿಲ್ಲಿಸಿ ಕತೆ ಮುಗಿಸಿದ್ರಲ್ಲ ಟೀಚರ್, ನನ್ನ ಮನೆಗೆ ಅಕ್ಕ ಬಂದಳು," ಎಂದಳು. ಜನ ಚಪ್ಪಾಳೆ ತಟ್ಟಿದರು. ಟೀಚರ ಹುಬ್ಬು ಮೇಲೇರಿತು.

ಆಮೇಲೆ ಸಲೂನಿನವನು ಎದ್ದ. ಹೊಗಳುವುದನ್ನು ಬೇಗ ಮುಗಿಸಿ, "ಆದ್ರೆ ಇಂಥ ಪುಸ್ತಕಕ್ಕೆ ನಮ್ಮ ಅಂಟಣ್ಣ ತಾನು ಬರೆದ ಬಾಲ ಕಟ್ಟೋಕೆ ಹೊರಟಿದ್ದಾನೆ ಟೀಚರ್, ಎಲ್ಲರೂ ಕೇಳಿ," ಎಂದು ಪುಟಗಳನ್ನು ಓದತೊಡಗಿದ. ಅಜ್ಜ ಎದ್ದು ಕೂತಾಗ ಜನ ನಕ್ಕರು. ನಾಯಿ ಓಡಿದಾಗ ಬೆಂಚುಗಳು ಅಲುಗಾಡಿದವು. ಟೀಚರು ಪುಟಗಳನ್ನು ಕೇಳಿ ತೆಗೆದುಕೊಂಡು ಕನ್ನಡಕ ಹಾಕಿಕೊಂಡರು. ಓದುತ್ತ ಓದುತ್ತ ಅವರ ತುಟಿ ತಾನಾಗಿಯೇ ಆ ಸಾಲುಗಳನ್ನು ಹೇಳುತ್ತಿತ್ತು.

"ಯಾರು ಬರೆದಿದ್ದು, ಎದ್ದು ಹೇಳಿ," ಎಂದು ಔಷಧಿ ಅಂಗಡಿಯವರು ಕೂಗಿದರು.

ಅಂಟಣ್ಣ ಎದ್ದ. ನಿಜ ಹೇಳಿದರೆ ಅವನು ಪಾರು. ಆದರೆ ಈಗಷ್ಟೇ ನಕ್ಕ ಇಷ್ಟು ಜನರ ಮುಂದೆ ಟೀಚರು ಏನಾಗಬೇಕು? ಅವನು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡ.

ಟೀಚರು ಕನ್ನಡಕ ತೆಗೆದರು. "ನನ್ನ ಕಾದಂಬರಿ ಆ ತಾಯಿ ಬಾಗಿಲಲ್ಲಿ ನಿಂತಲ್ಲಿಗೇ ಮುಗೀತು," ಎಂದರು ಸ್ಪಷ್ಟವಾಗಿ. ಅಂಟಣ್ಣನ ಕಡೆ ಮಾತ್ರ ನೋಡಲಿಲ್ಲ. "ಆದ್ರೂ ಇದನ್ನ ಬರೆದವರನ್ನ ಬೈಬೇಡಿ. ಆ ತಾಯಿ ಕಾಯೋದನ್ನ ನೋಡೋಕಾಗದೆ ಬರೆದಿದ್ದಾರೆ. ಮನಸ್ಸು ಒಳ್ಳೇದು."

ಈ ದೊಡ್ಡತನಕ್ಕೆ ಸೂರು ಕಿತ್ತುಹೋಗುವಷ್ಟು ಚಪ್ಪಾಳೆ ಬಿತ್ತು. "ಕ್ಷಮೆ ಕೇಳಲಿ," ಎಂದು ಯಾರೋ ಶುರುಮಾಡಿದರು. ಆಗ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ ಅಣ್ಣ ಮುಂದೆ ಬಂದ.

"ಅವನೊಬ್ಬನನ್ನೇ ಯಾಕೆ ನಿಲ್ಲಿಸ್ತೀರಿ? ಅಚ್ಚು ಹಾಕಿದ್ದು ನಾನು. ತಪ್ಪಿದ್ರೆ ಇಬ್ಬರದೂ," ಎಂದು ತಮ್ಮನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ.

ಬೀದಿಯ ಕೊನೆಯವರೆಗೂ ಅಣ್ಣ ಹಿಡಿದ ತೋಳು ಬಿಡಲಿಲ್ಲ. ಕೊನೆಗೆ ಅಂಟಣ್ಣ, "ಅಣ್ಣಾ, ಟೀಚರ ಮಾನ ಉಳಿಸಿದೆ," ಎಂದ.

"ಟೀಚರದ್ದಾ? ನಿಂದು ಕಣೋ."

"ಹಾಗಲ್ಲ, ಆ ಪುಟ ಬರೆದದ್ದು..."

"ಗೊತ್ತಾಗಲ್ವಾ ನನಗೆ? ಅಚ್ಚು ಹಾಕೋವಾಗ ನಾನು ಅಕ್ಷರ ನೋಡ್ತೀನಿ, ಕತೆ ಯಾವತ್ತು ಓದಿದೀನಿ? ಇವತ್ತು ಸಲೂನಿನವನು ಓದಿದಾಗಲೇ ಕೇಳಿದ್ದು. ಟೀಚರ ಹಸ್ತಪ್ರತಿ ಮೊದಲು ನಿನ್ನ ಮೇಜಿಗೇ ತಾನೇ ಬಂದಿದ್ದು, ಆಗ ಸೇರಿಸಿದ್ದೀಯ." ಅಣ್ಣ ನಿಂತ. ಕಣ್ಣು ಒರೆಸಿಕೊಂಡ. "ಇಬ್ಬರು ಅಣ್ಣತಮ್ಮ ಒಂದಾಗೋದು. ನನ್ನ ಹತ್ರ ಬಾಯಿಬಿಟ್ಟು ಹೇಳೋಕಾಗದೆ ಬರೆದು ಕಳಿಸಿದೀಯ. ಅದನ್ನ ಮೆಟ್ಟಿಲ ಕೆಳಗೆ ಹಾಕಿದ್ನಲ್ಲೋ ನಾನು. ನೀನು ಬರೆದಿಲ್ದಿದ್ರೆ ನಾನೇನು ಅಲ್ಲಿ ಮುಂದೆ ಬರ್ತಿದ್ನಾ?"

ಅಂಟಣ್ಣ ಅಣ್ಣನ ಮುಖ ನೋಡಿದ. ನಿಜ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡ.

"ಹೂಂ ಅಣ್ಣಾ. ನಾನೇ ಬರೆದದ್ದು."

"ಅಣ್ಣನೇ ಮೊದಲು ಓಡಿ ಬಂದು ಕ್ಷಮೆ ಕೇಳ್ತಾನೆ ಅಂತ ಬರೆದಿದೀಯಲ್ಲ, ಅದು ಸ್ವಲ್ಪ ಜಾಸ್ತಿ ಆಯ್ತು," ಎಂದ ಅಣ್ಣ, ತಮ್ಮನ ಹೆಗಲ ಮೇಲೆ ಕೈಹಾಕಿ. "ಇರ್ಲಿ, ಕೇಳಿದೆ ಅಂದ್ಕೋ. ಆದ್ರೆ ಇನ್ಮೇಲೆ ಏನಿದ್ರೂ ಬಂದು ಬಾಯಲ್ಲಿ ಹೇಳು. ದಯವಿಟ್ಟು ಬರೀಬೇಡ."