ಕರ್ನೆಲ್ ಕೇಳಿದ ಪ್ರಶ್ನೆ

ಹಳೆಯ ಕಂಪ್ಯೂಟರಿಗೆ ಜೀವ ಕೊಡುತ್ತೇನೆಂದು ಹಂಗಾಮಿ ಗುಮಾಸ್ತ ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಅವನ ಕೆಲಸ ಖಾಯಂ ಆಗುವುದೋ ಹೋಗುವುದೋ ಅಂದೇ ತೀರ್ಮಾನವಾಗಬೇಕಿತ್ತು. ಹೋದರೆ ಹೆಂಡತಿ ಮಕ್ಕಳೊಂದಿಗೆ ಭಾವಮೈದುನನ ಮನೆಯ ಹೊರಕೋಣೆಯೇ ಗತಿ. ಮ್ಯಾನೇಜರ್ ಮೆಚ್ಚಲೆಂದು ಬೆಳಗ್ಗೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶವನ್ನು ಮೂಲ ಕೋಡಿನಿಂದ ಕಟ್ಟಲು, ಅಂದರೆ ಕಂಪೈಲ್ ಮಾಡಲು, ಕೂತ. ಪರದೆಯ ಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಹರಿಯತೊಡಗಿದವು.

ಕಚೇರಿಯಲ್ಲಿ ಕತ್ತಲು, ಸೆಕೆ. ಕರೆಂಟು ಉಳಿಸಲೆಂದು ಮ್ಯಾನೇಜರ್ ಫ್ಯಾನುಗಳನ್ನು ನಿಲ್ಲಿಸಿ, ಅರ್ಧ ಬಲ್ಬುಗಳನ್ನು ಕಳಚಿಸಿದ್ದರು. ಎಲ್ಲರೂ ಬೆವರು ಒರೆಸಿಕೊಂಡು ತೆಪ್ಪಗಿದ್ದರು.

ಮಧ್ಯಾಹ್ನ ಲಿನಕ್ಸಿನ ತಿರುಳಾದ ಕರ್ನೆಲ್ ಇಂಗ್ಲಿಷಿನಲ್ಲಿ ಒಂದು ಸಂದೇಶ ಉಗುಳಿತು. ಪಕ್ಕದ ಮೇಜಿನ ಸ್ಟೋರ್‌ಕೀಪರ್ ಬಗ್ಗಿ ನೋಡಿ, ಇಡೀ ಕಚೇರಿಗೆ ಕೇಳುವಂತೆ ಅರ್ಥ ಹೇಳಿದ.

"'ವಿಚಿತ್ರವಾದ ವಿದ್ಯುತ್ ಉಳಿತಾಯ ಏನಾದ್ರೂ ಜಾರಿ ಮಾಡಿದ್ದೀರಾ? ತಲೆ ಕೆಟ್ಟು ಗೊಂದಲ ಆಗಿದೆ, ಆದ್ರೂ ಮುಂದುವರಿಸೋಕೆ ನೋಡ್ತಿದ್ದೀನಿ.' ಅಯ್ಯೋ ಪುಣ್ಯಾತ್ಮ, ಸಾಹೇಬ್ರಿಗೇ ಬರೆದ್ಯಾ?"

"ನಾನಲ್ಲ! ಯಂತ್ರವೇ ಹೇಳ್ತಿರೋದು, ಲಿನಕ್ಸ್ ಬರೆದವರೇ ಒಳಗಿಟ್ಟ ಮಾತು!"

"ಯಂತ್ರಕ್ಕೆ ಸೆಕೆ ಆಗುತ್ತಾ? ಯಾರಿಗೆ ಕಿವಿ ಮೇಲೆ ಹೂವಿಡ್ತೀಯಾ?"

ಗುಮಾಸ್ತ ಅಳಿಸಿದ. ಅದು ಮತ್ತೆ ಬಂತು. ಟೈಪಿಸ್ಟ್ ಅಕ್ಕ, "ಭೇಷ್, ನಮ್ಮ ಹೊಟ್ಟೆ ಉರೀನೂ ಸೇರಿಸು" ಎಂದು ಪಿಸುಗುಟ್ಟಿ ದೂರ ಸರಿದಳು. ಅಷ್ಟರಲ್ಲಿ ಮ್ಯಾನೇಜರ್ ಬಂದರು. ಸ್ಟೋರ್‌ಕೀಪರ್ ಕುರ್ಚಿ ದೂರ ಎಳೆದುಕೊಂಡು, "ನನಗೂ ಇದಕ್ಕೂ ಸಂಬಂಧ ಇಲ್ಲಪ್ಪ" ಎಂದು ಗೊಣಗಿದ. ಮ್ಯಾನೇಜರ್ ಪರದೆಯನ್ನು ನಿಧಾನವಾಗಿ ಓದಿ, "ಒಳಗೆ ಬಾ" ಎಂದರು.

ಗುಮಾಸ್ತ ಬಾಗಿಲು ದಾಟುವ ಮೊದಲೇ ಕೈಮುಗಿದ.

"ಹೆಂಡತಿ ಮಕ್ಕಳಾಣೆ, ನಾನು ಬರೆದದ್ದಲ್ಲ ಸಾರ್. ಇಂಥ ಮಾತು ನನ್ನ ಬಾಯಲ್ಲಿ ಬರುತ್ತಾ? ನಿಮ್ಮ ಆದೇಶ ನೂರಕ್ಕೆ ನೂರು ಸರಿ!"

ಮ್ಯಾನೇಜರ್ ಮುಖ ಬಾಡಿತು.

"ಇಷ್ಟು ವರ್ಷಕ್ಕೆ ಒಬ್ಬನಾದ್ರೂ ಮುಖಕ್ಕೆ ಹೊಡೆದ ಹಾಗೆ ಹೇಳಿದ ಅಂತ ಖುಷಿಪಟ್ಟಿದ್ದೆ. ಖಾಯಂ ಮಾಡಿ, ಮೇಲ್ವಿಚಾರಕನನ್ನಾಗಿ ಮಾಡೋಣ ಅಂತಿದ್ದೆ. ಹೌದಪ್ಪಗಳು ಹೊರಗೆ ಬೇಕಾದಷ್ಟಿದ್ದಾರೆ, ಇನ್ನೊಬ್ಬ ಬೇಡ. ನಾಳೆಯಿಂದ ಬರಬೇಡ."

ಬಾಗಿಲಿಗೆ ಕಿವಿಗೊಟ್ಟಿದ್ದ ಸ್ಟೋರ್‌ಕೀಪರ್ ಎದೆಯುಬ್ಬಿಸಿ ಒಳನುಗ್ಗಿದ. "ಸಾರ್, ಅವನಿಗೆಲ್ಲಿ ಆ ಧೈರ್ಯ? ಅದನ್ನ ಬರೆಸಿದ್ದೇ ನಾನು!"

ಸಂಜೆ ಫ್ಯಾನುಗಳು ತಿರುಗಿದವು. ಹೆಂಡತಿಗೆ ಏನು ಹೇಳುವುದೋ ತಿಳಿಯದೆ ಗುಮಾಸ್ತ ಊಟದ ಡಬ್ಬಿಯನ್ನು ಚೀಲಕ್ಕೆ ತುರುಕುತ್ತಿದ್ದ. ಹೊಸ ಮೇಲ್ವಿಚಾರಕರು ಅವನ ಹೆಗಲ ಮೇಲೆ ಕೈಯಿಟ್ಟು ತಮ್ಮ ಮೊದಲ ಆದೇಶ ಹೊರಡಿಸಿದರು:

"ಆ ಕಂಪ್ಯೂಟರ್ ಮುಗಿಸೇ ಹೋಗಪ್ಪಾ."